ಟೂಲ್ ಪ್ರಾಗ್ ಹೌದೋ ಅಲ್ಲವೋ? ಕೈಯಲ್ಲಿ ತಾಳ ಹಾಕಿ ನೋಡಿ

ಪ್ರಶ್ನೆ: ಅಮೆರಿಕದ ಟೂಲ್ ಮೆಟಲ್ ಬ್ಯಾಂಡೋ, ಪ್ರೊಗ್ರೆಸಿವ್ ರಾಕ್ (ಚಿಕ್ಕದಾಗಿ ‘ಪ್ರಾಗ್’, ಲಯ-ರಚನೆಗಳಲ್ಲಿ ಜಟಿಲವಾದ ರಾಕ್) ಬ್ಯಾಂಡೋ? ಅವರ ‘ಲ್ಯಾಟರಾಲಸ್’ ಹಾಡಿನಲ್ಲಿ ಫಿಬೊನಾಚಿ ಸಂಖ್ಯೆಗಳಿರುವುದೇ (ಹಿಂದಿನ ಎರಡನ್ನು ಕೂಡಿದರೆ ಮುಂದಿನದು ಸಿಗುವ ಸಾಲು) ಪ್ರಾಗ್ ಎನ್ನಲು ಸಾಕ್ಷಿ ಅನ್ನುತ್ತಾರಲ್ಲ?

ಉತ್ತರ: ತಿಂಗಳಿಗೊಮ್ಮೆಯಾದರೂ ಈ ಫಿಬೊನಾಚಿ ಪುರಾಣ ಬರುತ್ತದೆ. ಇರುವುದಿಷ್ಟು: 2001ರ ಆ ಹಾಡಿನ ಆರಂಭದ ಪದಗಳ ಉಚ್ಚಾರಾಂಶ ಎಣಿಸಿದರೆ 1, 1, 2, 3, 5, 8, ಆಮೇಲೆ ಇಳಿದು 5, 3 ಸಿಗುತ್ತದೆ. ಅದು ಸಾಹಿತ್ಯದ ಕಸರತ್ತು. ಪ್ರಾಗ್ ನಂಟು ಬೇಕಿದ್ದರೆ ಲಯದಲ್ಲಿ ಹುಡುಕಿ.

ಪಲ್ಲವಿಯ ರಿಫ್ (ಮತ್ತೆ ಮತ್ತೆ ಬರುವ ಚಿಕ್ಕ ವಾದ್ಯದ ತುಣುಕು) 9, 8, 7 ಎಣಿಕೆಯಲ್ಲಿ ಸಾಗುತ್ತದೆ. ಕೊನ್ನಕೋಲಿನಲ್ಲಿ, ಅಂದರೆ ತಾಳದ ಸೊಲ್ಲುಗಳನ್ನು ಬಾಯಲ್ಲಿ ಹೇಳುವ ಕರ್ನಾಟಕ ಸಂಗೀತದ ಕಲೆಯಲ್ಲಿ, ಹೀಗೆ ಹೇಳಿಕೊಳ್ಳಿ: ತಕದಿಮಿ ತಕತಕಿಟ, ತಕದಿಮಿ ತಕಜನು, ತಕದಿಮಿ ತಕಿಟ. ಮೊದಲ ನಾಲ್ಕು ಕದಲುವುದಿಲ್ಲ, ಬಾಲ ಮಾತ್ರ ಒಂದೊಂದೇ ಸವೆಯುತ್ತದೆ. ನಮ್ಮವರು ಗೋಪುಚ್ಛ ಯತಿ ಅನ್ನುವುದು ಇಂಥದ್ದಕ್ಕೇ. ಒಟ್ಟು 24, ಅಂದರೆ ಎಂಟರ ಮೂರು ಸುತ್ತು. ಸುಮ್ಮನೆ ಎಂಟು ಹಾಕುತ್ತಾ ಕೂತರೂ ಕೊನೆಗೆ ಸಮಕ್ಕೆ (ಸುತ್ತಿನ ಮೊದಲ ಪೆಟ್ಟಿಗೆ) ಬಂದುಬಿಡುತ್ತೀರಿ. ‘ಇದರಲ್ಲೇನು ಕಷ್ಟ’ ಎನ್ನುವವರು ಮೋಸಹೋಗುವುದು ಅಲ್ಲೇ.

ಟೂಲ್‌ನ ಇನ್ನೊಂದು ಹಾಡು ‘ಸ್ಕಿಸಮ್’ನ ಮುಖ್ಯ ಬೇಸ್ ಗಿಟಾರ್ ರಿಫ್ 5 ಮತ್ತು 7: ತಕತಕಿಟ, ತಕಿಟ ತಕದಿಮಿ. ಕೂಡಿದರೆ 12 ಆಗುವುದರಿಂದ ಕಾಲು ತಾನಾಗಿ ಆರು ಸಮ ಪೆಟ್ಟು ಹಾಕತೊಡಗುತ್ತದೆ. ಆಗ ಏಳರ ಎಡುಪು (ಶುರುವಾಗುವ ಜಾಗ) ಎರಡು ಪೆಟ್ಟುಗಳ ನಡುವೆ ಬಿದ್ದು ರಿಫ್ ಕುಂಟಿದಂತೆ ಕೇಳುತ್ತದೆ. ಕುಂಟುವುದು ನಿಮ್ಮ ಕಾಲು. ಗಿಟಾರ್ ಹಿಡಿಯುವವರು ಆರನೇ ತಂತಿಯನ್ನು ಇ (E) ಸ್ವರದಿಂದ ಡಿ (D) ಸ್ವರಕ್ಕೆ ಇಳಿಸಿ, ವೇಗ ಮುಕ್ಕಾಲಿಗೆ ತಗ್ಗಿಸಿ, ಮೊದಲು ಬಾಯಲ್ಲಿ ಹೇಳಿ, ಆಮೇಲೆ ತಂತಿ ಮುಟ್ಟಿ.

ಈ ಲೆಕ್ಕಾಚಾರದ ಮನೆತನ ಬ್ರಿಟನ್ನಿನ ಪ್ರಾಗ್ ಬ್ಯಾಂಡ್ ಕಿಂಗ್ ಕ್ರಿಮ್ಸನ್. 1981ರ ‘ಡಿಸಿಪ್ಲಿನ್’ ಆಲ್ಬಮ್‌ನಲ್ಲಿ ಎರಡು ಗಿಟಾರ್‌ಗಳು ಬೇರೆ ಬೇರೆ ಎಣಿಕೆಯಲ್ಲಿ ಓಡಿ ಮತ್ತೆ ಕೂಡುವುದನ್ನು ಕೇಳಿ. 2001ರ ಆಗಸ್ಟ್‌ನಲ್ಲಿ ಇದೇ ಕ್ರಿಮ್ಸನ್ ಟೂಲ್‌ನ ಕಚೇರಿಗಳಿಗೆ ಮುಂಚೆ ನುಡಿಸಿತು; ಗುರುಗಳು ಮೊದಲು, ಶಿಷ್ಯರು ಆಮೇಲೆ! ಆದರೆ ಪ್ರಾಗ್‌ನ ಮೆಲ್ಲೋಟ್ರಾನ್ (ಟೇಪಿನಲ್ಲಿ ಮುದ್ರಿಸಿದ ನಾದ ಹೊರಡಿಸುವ ಕೀಬೋರ್ಡ್), ಉದ್ದುದ್ದ ಕೀಬೋರ್ಡ್ ಸೋಲೋ ಟೂಲ್‌ನಲ್ಲಿಲ್ಲ. ನಾದ ಮೆಟಲ್‌ನದು, ಲಯ ಪ್ರಾಗ್‌ನದು. ಅಂಗಡಿಯವರು ಯಾವ ಕಪಾಟಿನಲ್ಲಾದರೂ ಇಟ್ಟುಕೊಳ್ಳಲಿ.

ಪ್ರಶ್ನೆ: ಡ್ರಮ್ಮರ್ ಡ್ಯಾನಿ ಕ್ಯಾರಿ ತಬಲಾ ಕಲಿತವರು. ಹಾಗಾದರೆ ಇದು ಕರ್ನಾಟಕ ಸಂಗೀತದ ಪ್ರಭಾವವೇ?

ಉತ್ತರ: ತಬಲಾ ಹಿಂದೂಸ್ತಾನಿಯದು. ಮೇಲೆ ನಮ್ಮ ಸೊಲ್ಲುಗಳನ್ನು ಬಳಸಿದ್ದು ಎಣಿಸಲು ಸುಲಭ ಎಂದು, ಹಕ್ಕುಪತ್ರ ಬರೆಯಲು ಅಲ್ಲ.

ಪ್ರಶ್ನೆ: ಹಾಡು ಹತ್ತು ನಿಮಿಷ ದಾಟಿದರೆ ಪ್ರಾಗ್ ತಾನೇ?

ಉತ್ತರ: ‘ಡಿಸಿಪ್ಲಿನ್’ನ ಮೊದಲ ಹಾಡು ಐದು ನಿಮಿಷವೂ ಇಲ್ಲ.

ಪ್ರಶ್ನೆ: ಆಲ್ಬಮ್‌ನ ಶ್ರುತಿಯನ್ನು 432 ಹರ್ಟ್ಸ್‌ಗೆ ಇಳಿಸಿ ಕೇಳಿದರೆ ತಲೆನೋವು ಹೋಗುತ್ತದಂತೆ?

ಉತ್ತರ: ವಾಲ್ಯೂಮ್ ಇಳಿಸಿ. ಆಗಲೂ ಹೋಗದಿದ್ದರೆ ಡಾಕ್ಟರನ್ನು ಕಾಣಿ.