ಕೆಂಪು ಕಾಡುಕೋಳಿಯ ಸಂತಾನಕ್ರಮ ಮತ್ತು ಉಪಪ್ರಭೇದಗಳು

ಪ್ರಶ್ನೆ: ಏಪ್ರಿಲ್‌ನಲ್ಲಿ ಕಾರ್ಬೆಟ್ ಅರಣ್ಯದಲ್ಲಿ ನಾಟಿ ಹುಂಜದಂತೆಯೇ ಕಾಣುವ ಕೆಂಪು–ಹೊಂಬಣ್ಣದ ಕೋಳಿಯನ್ನು ಕಂಡೆವು. ಅದು ಕಾಡಿನದೇ? ಅದರ ಸಂತಾನಕ್ರಮ ಹೇಗೆ, ಉಪಪ್ರಭೇದಗಳೆಷ್ಟು?

ಉತ್ತರ: ನೀವು ಕಂಡದ್ದು ಬಹುಮಟ್ಟಿಗೆ ಕೆಂಪು ಕಾಡುಕೋಳಿ. ನಮ್ಮ ಪಶ್ಚಿಮ ಘಟ್ಟದ ಬೂದು ಕಾಡುಕೋಳಿಯೇ ಬೇರೆ, ಅದರಲ್ಲಿ ಉಪಪ್ರಭೇದಗಳಿಲ್ಲ. ಕೆಂಪು ಕಾಡುಕೋಳಿಯಲ್ಲಿ ಸಾಮಾನ್ಯವಾಗಿ ಐದನ್ನು ಗುರುತಿಸುತ್ತಾರೆ. ಕಾರ್ಬೆಟ್‌ನದು ಉತ್ತರ ಹಾಗೂ ಪೂರ್ವ ಭಾರತ, ನೇಪಾಳ, ಬಾಂಗ್ಲಾದೇಶಗಳ ‘ಮುರ್ಗಿ’. ಇದರ ಹುಂಜದ ಕಿವಿಹಾಲೆ ಬಿಳಿ. ಮ್ಯಾನ್ಮಾರ್, ಥಾಯ್ಲೆಂಡ್, ಯುನ್ನಾನ್ ಪ್ರದೇಶದ ‘ಸ್ಪಾಡಿಸಿಯಸ್’ ಹುಂಜಕ್ಕೆ ಹೆಚ್ಚಾಗಿ ಕೆಂಪು ಕಿವಿಹಾಲೆ. ಜಗತ್ತಿನ ಸಾಕುಕೋಳಿಗಳೆಲ್ಲ ಮುಖ್ಯವಾಗಿ ಈ ಸ್ಪಾಡಿಸಿಯಸ್‌ನಿಂದಲೇ ಬಂದವೆಂದು 2020ರಲ್ಲಿ ಪ್ರಕಟವಾದ ಜೀನೋಮ್ ಅಧ್ಯಯನವು ತೋರಿಸಿತು. ಉಳಿದ ಮೂರು ಇಂಡೋಚೀನಾದ ‘ಗ್ಯಾಲಸ್’, ಉತ್ತರ ವಿಯೆಟ್ನಾಂ–ಹೈನಾನ್‌ನ ‘ಜಬೂಯಿ’ ಮತ್ತು ಜಾವಾ–ಬಾಲಿಯ ‘ಬಂಕಿವಾ’.

ಭಾರತದಲ್ಲಿ ಇವು ಮುಖ್ಯವಾಗಿ ಮಾರ್ಚ್‌ನಿಂದ ಮೇವರೆಗೆ ಮರಿ ಮಾಡುತ್ತವೆ. ಹುಂಜವು ಮುಂಜಾವಿನ ಕೂಗಿನಿಂದ ತನ್ನ ನೆಲೆಯನ್ನು ಸಾರುತ್ತದೆ; ಆಹಾರ ಸಿಕ್ಕಿದರೆ ತಾನು ತಿನ್ನದೆ ಅದನ್ನು ಕುಕ್ಕಿ ಎತ್ತಿ ಬೀಳಿಸುತ್ತಾ, ವಿಶಿಷ್ಟ ದನಿಯಿಂದ ಹೇಂಟೆಗಳನ್ನು ಕರೆಯುತ್ತದೆ. ಆದರೂ ಆಯ್ಕೆಯಲ್ಲಿ ಹೇಂಟೆಯ ಪಾತ್ರ ಹಿರಿದು: ದೊಡ್ಡ, ಗಾಢ ಕೆಂಪಿನ ಜುಟ್ಟಿನ ಹುಂಜವನ್ನು ಅದು ಹೆಚ್ಚು ಮೆಚ್ಚುವುದನ್ನು ಸಂಶೋಧಕರು ಪ್ರಯೋಗಗಳಲ್ಲಿ ಕಂಡಿದ್ದಾರೆ. ಪೊದೆಯ ಅಥವಾ ಬಿದಿರು ಮೆಳೆಯ ಬುಡದಲ್ಲಿ ನೆಲ ಕೆದರಿ, ಒಣ ಎಲೆ ಹಾಸಿ ಐದಾರು ಮೊಟ್ಟೆಗಳನ್ನಿಟ್ಟು ಸುಮಾರು ಮೂರು ವಾರ ಹೇಂಟೆಯೊಂದೇ ಕಾವು ಕೂರುತ್ತದೆ. ಅದರ ಮಂಕು ಕಂದು ಮೈ ತರಗೆಲೆಗಳ ನಡುವೆ ಕಣ್ಣಿಗೆ ಬೀಳುವುದೇ ಕಷ್ಟ. ಹುಟ್ಟಿದ ಮರಿಗಳು ಬೇಗನೆ ತಾಯಿಯ ಹಿಂದೆ ಓಡಾಡತೊಡಗುತ್ತವೆ.

ಸಂತಾನಕಾಲ ಕಳೆದ ಮೇಲೆ ಹುಂಜವು ಕುತ್ತಿಗೆಯ ಹೊಂಬಣ್ಣದ ಗರಿಗಳನ್ನು ಉದುರಿಸಿ, ಕೆಲವು ತಿಂಗಳು ಕಪ್ಪು ಗರಿಗಳಲ್ಲಿರುತ್ತದೆ. ಬೆರಕೆಯಿಲ್ಲದ ಕಾಡುಕೋಳಿಯನ್ನು ಗುರುತಿಸಲು ನಾನು ಹೆಚ್ಚು ನಂಬುವ ಲಕ್ಷಣವಿದು, ಏಕೆಂದರೆ ಸಾಕುಕೋಳಿಗಳಲ್ಲಿ ಸಾಮಾನ್ಯವಾಗಿ ಇದು ಕಾಣುವುದಿಲ್ಲ. ಕಾಡಂಚಿನ ಹಳ್ಳಿಗಳಲ್ಲಿ ಊರುಕೋಳಿಗಳು ಕಾಡಿನವುಗಳೊಡನೆ ಕೂಡುವುದರಿಂದ ಮೂಲ ವಂಶವೇ ಕಲಬೆರಕೆಯಾಗುತ್ತಿದೆ, ಈ ಹಕ್ಕಿಗೆ ಅದೇ ದೊಡ್ಡ ಅಪಾಯವೆಂದು ನನ್ನ ಅಭಿಪ್ರಾಯ. ಹಿಂದೆಯೂ ಹೀಗಾಗಿದೆ: ಅನೇಕ ಸಾಕುಕೋಳಿಗಳ ಹಳದಿ ಚರ್ಮದ ಜೀನ್ ನಮ್ಮ ಬೂದು ಕಾಡುಕೋಳಿಯಿಂದ ಬಂದದ್ದೆಂದು 2008ರಲ್ಲಿ ತಿಳಿದುಬಂತು.

ನಿಮ್ಮ ಚಿತ್ರಗಳಲ್ಲಿ ಕಾಲುಗಳು ಬೂದುಬಣ್ಣದವಾಗಿದ್ದು, ಬಾಲದ ಬುಡದಲ್ಲಿ ಬಿಳಿ ಮಚ್ಚೆಯಿದ್ದು, ಜೊತೆಗಿನ ಹೇಂಟೆಗೆ ಜುಟ್ಟು ಇಲ್ಲವೆಂಬಷ್ಟು ಚಿಕ್ಕದಾಗಿದ್ದರೆ ಅವು ಕಾಡಿನವೇ ಎಂದು ತಿಳಿಯಬಹುದು.