ಅಣ್ಣ ‘ಸಾಯ್ತೀನಿ’ ಅಂತ ಹೆದರಿಸಿ ಬರೆಸಿಕೊಂಡ ಹಕ್ಕು ಬಿಡುಗಡೆ ಪತ್ರ ತಾನಾಗೇ ರದ್ದಾಗುತ್ತಾ?

ಆಗಲ್ಲ. ನಿಮ್ಮ ಪ್ರಶ್ನೆ ಓದಿ ಎದೆ ಧಸಕ್ ಅಂತು, ನಮ್ಮನೆ ಕಥೆಯೇ ಇದು.

ನಮ್ಮಣ್ಣನಿಗೆ ಸಾಲ ಜಾಸ್ತಿಯಾಗಿತ್ತು. "ನಿನ್ನ ಪಾಲು ಬಿಟ್ಟುಕೊಡು, ಇಲ್ಲಾಂದ್ರೆ ಹಾರ್ತೀನಿ" ಅಂತ ರಾತ್ರಿಯೆಲ್ಲಾ ಬಾವಿಕಟ್ಟೆ ಮೇಲೆ ಕೂತಿದ್ದ. ಅಮ್ಮ ಅವನ ಪಂಚೆ ಚುಂಗು ಹಿಡಿದುಕೊಂಡು ಪಕ್ಕದಲ್ಲೇ ಕೂತಿದ್ದಳು. ಬೆಳಿಗ್ಗೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಫೋಟೋ, ಹೆಬ್ಬೆಟ್ಟು ಎಲ್ಲಾ ಆಯ್ತು. "ಒಪ್ಪಿಗೆ ಇದೆಯಾ?" ಅಂದರು, ತಲೆಯಾಡಿಸಿದೆ.

ಹೊಟ್ಟೆ ಉರಿಯೋದು ಯಾಕೆ ಅಂದ್ರೆ, ಕಾನೂನು ನನ್ನ ಕಡೆಗೇ ಇತ್ತು. ಗಂಡ ಸಾಯ್ತೀನಿ ಅಂತ ಹೆದರಿಸಿ, ಹೆಂಡತಿ ಮಗನಿಂದ ತನ್ನ ಒಡಹುಟ್ಟಿದವನಿಗೆ ಹಕ್ಕು ಬಿಡಿಸಿಕೊಟ್ಟ ಕೇಸಲ್ಲಿ 1917ರಲ್ಲೇ ಮದ್ರಾಸ್ ಹೈಕೋರ್ಟ್ ಅದೂ ಬಲಾತ್ಕಾರವೇ ಅಂದಿತ್ತು. ಆದರೆ 1872ರ ಕರಾರು ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಅಂಥ ಪತ್ರವನ್ನು ಹೆದರಿ ಸಹಿ ಹಾಕಿದವರೇ ಬೇಡ ಅನ್ನಬೇಕು. ಅಲ್ಲಿವರೆಗೆ ಅದು ಗಟ್ಟಿಯಾಗೇ ಇರುತ್ತೆ.

ನಾನು ಕೆಟ್ಟಿದ್ದು ಒಂದು ಚೆಕ್ಕಿನಿಂದ. ಸಹಿಯಾದ ದಿನ ಅಣ್ಣ ಎರಡು ಲಕ್ಷದ ಚೆಕ್ಕು ಕೈಗಿಟ್ಟ. ಮುಟ್ಟಲೇಬಾರದು ಅಂತ ಬೀರುವಿನಲ್ಲಿ ಸೀರೆಗಳ ಕೆಳಗೆ ಇಟ್ಟೆ. ಚೆಕ್ಕಿಗೆ ಮೂರೇ ತಿಂಗಳು ಆಯಸ್ಸು ಅಲ್ವಾ? ಇನ್ನೊಂದು ವಾರ ಇದೆ ಅನ್ನುವಾಗ, ಸುಮ್ನೆ ಯಾಕೆ ಹಾಳಾಗಬೇಕು, ಕೇಸಿನ ಖರ್ಚಿಗಾದರೂ ಆಗುತ್ತೆ ಅಂತ ಬ್ಯಾಂಕಿಗೆ ಹಾಕಿಬಿಟ್ಟೆ. ಆಗ ನಾನಿದ್ದದ್ದು ಗಂಡನ ಮನೆಯಲ್ಲಿ. ಅಲ್ಲಿ ಬಾವಿಯೂ ಇಲ್ಲ, ಅಣ್ಣನೂ ಇಲ್ಲ. ಪಾಟೀಸವಾಲಿನಲ್ಲಿ ಅವನ ವಕೀಲರು ಪಾಸ್‌ಬುಕ್ಕಿನ ಆ ಒಂದು ಸಾಲಿನ ಮೇಲೆ ಬೆರಳಿಟ್ಟು, "ಚಲನ್‌ಗೆ ಯಾರಮ್ಮಾ ಹೆದರಿಸಿ ಸಹಿ ಹಾಕಿಸಿದ್ದು?" ಅಂದರು. ನನ್ನ ಬಾಯಿ ಕಟ್ಟಿಹೋಯ್ತು. ಭಯ ಹೋದಮೇಲೂ ದುಡ್ಡು ತಗೊಂಡರೆ ವ್ಯವಹಾರ ಒಪ್ಪಿದ ಹಾಗೇ ಅಂತೆ. ಖರ್ಚಿಗೆ ಅಂದುಕೊಂಡ ದುಡ್ಡೇ ಕೇಸನ್ನು ತಿಂದುಹಾಕಿತು.

ಅಣ್ಣನಿಂದ ನೀವೇನಾದರೂ ತಗೊಂಡಿದ್ದರೆ, ವಾಪಸ್ ಕೊಡೋಕೆ ಸಿದ್ಧ ಅಂತ ಇವತ್ತೇ ವಕೀಲರ ನೋಟಿಸ್ ಕೊಡಿಸಿ. ಪತ್ರ ರದ್ದು ಮಾಡಿಸೋ ದಾವೆಗೆ ಮೂರು ವರ್ಷ ಟೈಮಿದೆ, ನಿಜ. ಆದರೆ ಅಷ್ಟರೊಳಗೆ ಅಣ್ಣ ಜಮೀನು ಮಾರಿದರೆ, ಏನೂ ಗೊತ್ತಿಲ್ಲದೆ ಕೊಂಡವನ ಜೊತೆ ಗುದ್ದಾಡಬೇಕಾಗುತ್ತೆ. ಹಿರಿಯರನ್ನು ಕೂರಿಸಿ ರಾಜಿ ಮಾಡಿಸಲಾ ಅಂತ ಬೇರೆ ಕೇಳಿದ್ದೀರಿ. ಬೇಡ ಕಣ್ರೀ. ನಮ್ಮ ಹಿರಿಯರು ಕಾಫಿ ಕುಡಿದುಕೊಂಡೇ ಒಂದು ವರ್ಷ ಕಳೆದರು.

ಮೊದಲು ಸಾಕ್ಷಿ ಹುಡುಕಿ, ಹೆದರಿಸಿದ್ದು ನಿಜ ಅಂತ ತೋರಿಸಬೇಕಾದವರು ನೀವೇ. ಆ ರಾತ್ರಿ ಬಾವಿಕಟ್ಟೆ ಹತ್ತಿರ ಇದ್ದದ್ದು ನಮ್ಮಮ್ಮ ಒಬ್ಬಳೇ. ಅವಳು ಕೋರ್ಟಿಗೆ ಬರಲಿಲ್ಲ.