ಲೋಗೇನ್ ದ್ರೋಹ ಮಾಡಿದ್ದು ಸಿಂಹಾಸನಕ್ಕಾ, ದೇಶಕ್ಕಾ?

‘ಡ್ರ್ಯಾಗನ್ ಏಜ್: ಒರಿಜಿನ್ಸ್’ ಅನ್ನುವ ವಿಡಿಯೋ ಗೇಮ್ ಬಂದಿದ್ದು 2009ರಲ್ಲಿ. ಅದರಲ್ಲಿ ಫೆರೆಲ್ಡನ್ ದೇಶದ ಸೇನಾಪತಿ ಲೋಗೇನ್, ಆಸ್ಟಗರ್ ಯುದ್ಧದ ನಡುವೆ ಸೈನ್ಯವನ್ನು ಹಿಂದಕ್ಕೆ ಕರೆದು ರಾಜ ಕೇಲನ್‌ನನ್ನು ಸಾಯಲು ಬಿಡುತ್ತಾನೆ. ಆ ದ್ರೋಹ ಸಿಂಹಾಸನಕ್ಕಾ, ದೇಶಕ್ಕಾ ಅನ್ನುವ ನಿಮ್ಮ ಈ ಪ್ರಶ್ನೆ ಇಟ್ಟುಕೊಂಡು ನಾನೂ ನನ್ನ ಗೆಳೆಯನೂ ರಾತ್ರಿಗಟ್ಟಲೆ ಜಗಳ ಆಡಿದ್ದೇವೆ. ಲ್ಯಾಂಡ್ಸ್‌ಮೀಟ್ (ಲೋಗೇನ್‌ನ ತೀರ್ಮಾನ ಆಗುವ ಸಾಮಂತರ ಸಭೆ) ನಿಮ್ಮ ಆಟದಲ್ಲಿ ಇನ್ನೂ ಮುಗಿದಿಲ್ಲ ಅಂದಿದ್ದೀರಿ. ಮುಂದಿನ ಕಥೆ ಗೊತ್ತಾದರೂ ಪರವಾಗಿಲ್ಲ ಅನ್ನುವುದಾದರೆ ಓದಿ.

ಗೆಳೆಯನ ಪ್ರಕಾರ ಲೋಗೇನ್‌ಗೆ ಬೇಕಿದ್ದಿದ್ದು ಅಧಿಕಾರ, ಅಷ್ಟೇ. ನಾನು ಒಪ್ಪುತ್ತಿರಲಿಲ್ಲ. ಲೋಗೇನ್ ಸಾಮಾನ್ಯ ರೈತ ಮನೆತನದವನು. ಓರ್ಲೇ ಸಾಮ್ರಾಜ್ಯದ ಕೈಕೆಳಗೆ ಫೆರೆಲ್ಡನ್ ನರಳಿದ್ದನ್ನು ಕಣ್ಣಾರೆ ಕಂಡವನು. ಹಿಂದಿನ ರಾಜ ಮೇರಿಕ್ ಜೊತೆ ನಿಂತು ಓರ್ಲೇಯವರನ್ನು ಓಡಿಸಿದವನು. ಈಗ ಮೇರಿಕ್‌ನ ಮಗ ಕೇಲನ್ ಅದೇ ಓರ್ಲೇಯ ಸಹಾಯಕ್ಕೆ ಕಾಯೋಣ ಅನ್ನುತ್ತಾನೆ! ಆಸ್ಟಗರ್‌ನಲ್ಲಿ ಯುದ್ಧಕ್ಕೆ ಮುಂಚೆ ಮೇಜಿನ ಸುತ್ತ ನಡೆಯುವ ಮಾತುಕತೆ ಇನ್ನೊಮ್ಮೆ ನೋಡಿ. ಮುಂಚೂಣಿಯಲ್ಲಿ ನಿಲ್ಲಬೇಡ, ಅಪಾಯ ಜಾಸ್ತಿ ಅಂತ ಕೇಲನ್‌ನನ್ನು ತಡೆಯುವವನು ಲೋಗೇನೇ. ಸಾಯಿಸಬೇಕು ಅಂತಲೇ ಬಂದವನು ಆ ಮಾತು ಯಾಕೆ ಆಡುತ್ತಾನೆ?

ಗೆಳೆಯ ಇದಕ್ಕೆ ಲೋದರಿಂಗ್ ಊರನ್ನು ತೋರಿಸಿದ. ಆಸ್ಟಗರ್ ಮುಗಿದ ಕೂಡಲೇ ನಾವು ಅಲ್ಲಿಗೆ ಹೋಗುತ್ತೇವೆ. ಅಷ್ಟರಲ್ಲಾಗಲೇ ರಾಜನ ಸೋದರಮಾವ, ಸಾಮಂತ ಈಮನ್‌ನ ಕಾಯಿಲೆಗೆ ಪವಿತ್ರ ಭಸ್ಮ ಹುಡುಕುತ್ತಾ ಅವನ ನೈಟ್‌ಗಳು ಅಲೆಯುತ್ತಿರುತ್ತಾರೆ. ಆ ಕಾಯಿಲೆಗೆ ಕಾರಣವಾದ ವಿಷ ಹಾಕಿಸಿದ್ದು ಲೋಗೇನ್. ಅಂದರೆ ಯುದ್ಧಕ್ಕೂ ಮುಂಚೆಯೇ ತಯಾರಿ ನಡೆದಿತ್ತು, ಅಲ್ವಾ? ನನ್ನ ಬಳಿ ಉತ್ತರ ಇರಲಿಲ್ಲ. ಸರಿ, ಲೋಗೇನ್ ಬಾಯಿಂದಲೇ ಕೇಳೋಣ ಅಂದುಕೊಂಡು ಲ್ಯಾಂಡ್ಸ್‌ಮೀಟ್‌ಗೆ ಹೋದೆ.

ಅಲ್ಲೇ ಎಡವಿದ್ದು. ಲೋಗೇನ್ ಜೊತೆಗಿನ ದ್ವಂದ್ವಯುದ್ಧಕ್ಕೆ ನಿಮ್ಮ ಕಡೆಯಿಂದ ಯಾರು ಅಂತ ಆಟ ಕೇಳುತ್ತದೆ. ನಾನು ನನ್ನ ಜೊತೆಗಾರ, ಮೇರಿಕ್‌ನ ಇನ್ನೊಬ್ಬ ಮಗ ಆಲಿಸ್ಟರ್‌ನನ್ನು ಕಳಿಸಿದೆ. ಅವನ ಕವಚ ಚೆನ್ನಾಗಿತ್ತು. ಅವನ ಗುರು ಡಂಕನ್ ಸತ್ತಿದ್ದೂ ಆಸ್ಟಗರ್‌ನಲ್ಲೇ, ಹಾಗಾಗಿ ಅವನು ಹೋಗುವುದೇ ನ್ಯಾಯ ಅನ್ನಿಸಿತು. ಇದರಲ್ಲಿ ಏನು ತಪ್ಪು ಅನ್ನುತ್ತೀರಾ? ನೋಡಲಿಕ್ಕೆ ಅದು ಯಾರು ಚೆನ್ನಾಗಿ ಹೊಡೆದಾಡುತ್ತಾರೆ ಅನ್ನುವ ಪ್ರಶ್ನೆ. ಆದರೆ ನೀವು ಅಲ್ಲಿ ನಿಜಕ್ಕೂ ಆರಿಸುತ್ತಿರುವುದು ತೀರ್ಪು ಕೊಡುವವನನ್ನು. ಆಲಿಸ್ಟರ್ ಗೆದ್ದರೆ ಆಮೇಲೆ ನಿಮ್ಮನ್ನು ಯಾರೂ ಏನೂ ಕೇಳುವುದಿಲ್ಲ. ಸೋತ ಲೋಗೇನ್, ನಿನ್ನಲ್ಲೂ ಮೇರಿಕ್‌ನ ಅಂಶ ಇದೆ ಅನ್ನುತ್ತಾನೆ. ಆಲಿಸ್ಟರ್‌ಗೆ ಮೇರಿಕ್‌ನ ಮಾತೇ ಬೇಡ, ಇದು ಡಂಕನ್‌ಗೋಸ್ಕರ ಅಂತ ಕತ್ತಿ ಬೀಸಿಬಿಡುತ್ತಾನೆ. ಲೋಗೇನ್‌ನ ಮಗಳು, ಕೇಲನ್‌ನ ಹೆಂಡತಿಯಾಗಿದ್ದ ಅನೋರಾ ಅಲ್ಲೇ ಇದ್ದಾಳೆ. ಅವಳನ್ನೂ ಆಲಿಸ್ಟರ್‌ನನ್ನೂ ಮದುವೆ ಮಾಡಿಸಿ ಇಬ್ಬರೂ ಒಟ್ಟಿಗೆ ಆಳಲಿ ಅಂತ ನಾನು ಹಾಕಿದ್ದ ಲೆಕ್ಕವೆಲ್ಲ ಅಲ್ಲಿಗೆ ಮಣ್ಣುಪಾಲಾಯಿತು. ಕೇಳಬೇಕು ಅಂತ ಬಂದಿದ್ದೆ, ಉತ್ತರ ಹೇಳಬೇಕಾದವನ ಬಾಯನ್ನೇ ಮುಚ್ಚಿಸಿದ್ದೆ. ಒಂದೇ ಸೇವ್ ಮೇಲೆ ಮತ್ತೆ ಮತ್ತೆ ಸೇವ್ ಮಾಡಿದ್ದರಿಂದ ಹಿಂದಕ್ಕೆ ಹೋಗುವ ದಾರಿಯೂ ಇರಲಿಲ್ಲ. ಇಡೀ ಆಟವನ್ನು ಮೊದಲಿಂದ ಆಡಿದೆ.

ಆ ಸಲ ಕಣಕ್ಕೆ ನಾನೇ ಇಳಿದೆ. ಸೋತಾಗ ಲೋಗೇನ್ ಹೇಳುವ ಮಾತೇ ಬೇರೆ. ನೀನೂ ಕೇಲನ್ ಹಾಗೆ ಯುದ್ಧದ ಆಟ ಆಡುವ ಮಗು ಅಂದುಕೊಂಡಿದ್ದೆ, ಮೇರಿಕ್ ಸತ್ತ ಮೇಲೆ ಇಂಥ ಗಟ್ಟಿತನ ಎಲ್ಲೂ ಕಂಡಿರಲಿಲ್ಲ ಅಂತ ಶರಣಾಗುತ್ತಾನೆ. ಆಗ ರಿಯೋರ್ಡನ್ ಅನ್ನುವ ಯೋಧ, ಅವನನ್ನು ಗ್ರೇ ವಾರ್ಡನ್ (ಆಲಿಸ್ಟರ್, ಡಂಕನ್, ನಮ್ಮ ಪಾತ್ರ ಎಲ್ಲ ಸೇರಿರುವ ಯೋಧರ ಪಡೆಯವನು) ಮಾಡಬಹುದಲ್ಲ ಅಂತ ಸೂಚಿಸುತ್ತಾನೆ. ಒಪ್ಪಿದೆ. ಆಲಿಸ್ಟರ್ ಗುಂಪು ಬಿಟ್ಟು ಹೋದ. ಅದರ ನೋವು ನನಗೆ ಈಗಲೂ ಇದೆ.

ಆಮೇಲೆ 2010ರಲ್ಲಿ ಬಂದ ‘ರಿಟರ್ನ್ ಟು ಆಸ್ಟಗರ್’ ಅನ್ನುವ ಹೆಚ್ಚುವರಿ ಭಾಗಕ್ಕೆ ಲೋಗೇನ್‌ನನ್ನೇ ಕರೆದುಕೊಂಡು ಹೋದೆ. ಯುದ್ಧಭೂಮಿ ತುಂಬ ಹಿಮ. ರಾಜನ ಪೆಟ್ಟಿಗೆಯಲ್ಲಿ ಪತ್ರಗಳು. ಓರ್ಲೇಯ ಸಾಮ್ರಾಜ್ಞಿ ಸೆಲೀನ್ ಕೇಲನ್‌ಗೆ ಬರೆದ, ಸಲಿಗೆ ಎದ್ದು ಕಾಣುವ ಪತ್ರ ಒಂದು. ಅನೋರಾಳನ್ನು ಬಿಟ್ಟುಬಿಡು ಅಂತ ಈಮನ್ ಬರೆದಿದ್ದು ಇನ್ನೊಂದು. ಗೆದ್ದೆ ಅಂತ ಗೆಳೆಯನಿಗೆ ಹೇಳಬೇಕು ಅನ್ನಿಸಿತು. ಆದರೆ ಲೋಗೇನ್ ಆ ಪತ್ರಗಳನ್ನು ನೋಡುತ್ತಿರುವುದು ಈಗ. ಸೈನ್ಯವನ್ನು ಹಿಂದಕ್ಕೆ ಕರೆದಾಗ ಅವನ ಬಳಿ ಇದ್ದಿದ್ದು ಬರೀ ಅನುಮಾನ. ಆಮೇಲೆ ಅದು ನಿಜ ಅಂತ ಗೊತ್ತಾದರೆ ದ್ರೋಹ ಸರಿಹೋಗುತ್ತದಾ? ಇಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ಸಿಂಹಾಸನವಾ ದೇಶವಾ ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಅವನ ತಲೆಯಲ್ಲಿ ಅವೆರಡೂ ಬೇರೆ ಇರಲೇ ಇಲ್ಲ. ತಾನಿಲ್ಲದಿದ್ದರೆ ದೇಶ ಇಲ್ಲ ಅಂತ ನಂಬಿದ್ದ. ವಿಷ ಹಾಕಿಸಿ ಬಾಗಿಲು ತೆರೆದಿಟ್ಟಿದ್ದ. ಆಸ್ಟಗರ್‌ನ ಇಶಾಲ್ ಗೋಪುರದಲ್ಲಿ ದಾಳಿಯ ಸಂಕೇತವಾದ ಬೆಂಕಿ ಕಂಡ ಗಳಿಗೆಯಲ್ಲಿ ಅದನ್ನು ದಾಟಿದ. ನಾನು ಅವನನ್ನು ಅರ್ಥ ಮಾಡಿಕೊಂಡಿದ್ದು ಹೀಗೆ. ಆಮೇಲೆ ತಪ್ಪು ಹೊರಿಸಲು ವಾರ್ಡನ್‌ಗಳು ಸಿಕ್ಕರು. ಒಳಜಗಳಕ್ಕೆ ಹಣ ಬೇಕಾಯಿತು, ರಾಜಧಾನಿ ಡೆನೆರಿಮ್‌ನ ಎಲ್ಫ್ ಜನಾಂಗದವರನ್ನು ಟೆವಿಂಟರ್ ಸಾಮ್ರಾಜ್ಯದವರಿಗೆ ಗುಲಾಮರನ್ನಾಗಿ ಮಾರಿದ. ಆ ಎಲ್ಫ್‌ಗಳೂ ಫೆರೆಲ್ಡನ್‌ನವರೇ ಅಲ್ವಾ? ನನ್ನ ‘ದೇಶಭಕ್ತ’ ವಾದ ಬಿದ್ದಿದ್ದು ಅಲ್ಲಿ, ಆಸ್ಟಗರ್‌ನಲ್ಲಿ ಅಲ್ಲ.

ಸುಮ್ನೆ ವಾದ ಮಾಡಿ ಇದನ್ನು ಬಗೆಹರಿಸಲು ಹೋಗಬೇಡಿ. ದ್ವಂದ್ವಯುದ್ಧಕ್ಕೆ ನೀವೇ ಇಳಿಯಿರಿ. ಆಮೇಲೆ ಕೊಲ್ಲುವುದಾದರೂ ನಿಮ್ಮ ಕೈಯಲ್ಲೇ ಇರಲಿ. ಲ್ಯಾಂಡ್ಸ್‌ಮೀಟ್‌ಗೆ ಹೊರಡುವ ಮುಂಚೆ ಈಮನ್ ಮನೆಯಲ್ಲೇ ಬೇರೆ ಹೆಸರಲ್ಲಿ ಒಂದು ಸೇವ್ ಮಾಡಿಟ್ಟುಕೊಳ್ಳಿ.